ಗಾಲ್ಫ್ ಬ್ಯಾಗಿನ ಪರಸ್ಥಾನ

ಹೊಸ ರೈನ್‌ಕೋಟಿಗೆ ಒಂದು ವಾಸನೆ ಇರುತ್ತದೆ. ಅಂಗಡಿಯಲ್ಲಿ ಅದು ಗೊತ್ತಾಗುವುದಿಲ್ಲ, ಮನೆಗೆ ತಂದು ಬಿಚ್ಚಿದ ಮೇಲೆ ಮೂಗಿಗೆ ಹತ್ತುತ್ತದೆ. ಸ್ಕೂಲು ಶುರುವಾಗುವ ದಿನಗಳ ವಾಸನೆ ಅದು ಎಂದು ಕೆಲವರು ಖುಷಿಪಡುತ್ತಾರೆ. ನನಗಾದರೋ ಅದು ಮೂಗಿಗೆ ಬಿದ್ದ ಕೂಡಲೇ ಏನೋ ಎಡವಟ್ಟಾಗಲಿದೆ ಅನ್ನಿಸುತ್ತದೆ. ಇವತ್ತು ಬೆಳಿಗ್ಗೆ ಪುಟ್ಟೇನಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ, ಹೊರಗೆ ಚುರುಚುರು ಬಿಸಿಲಿರುವಾಗ, ನಾನು ರೈನ್‌ಕೋಟು ತೊಟ್ಟು ಸೂಟ್‌ಕೇಸಿನ ಮೇಲೆ ಕೂತಿದ್ದೆ. ಪೆಟ್ಟಿಗೆಯಲ್ಲಿ ಜಾಗ ಸಾಲದೆ ಅದು ಮೈಮೇಲೆ ಬಂದಿತ್ತು. ಟ್ಯಾಕ್ಸಿ ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.

"ರೀ, ಸ್ಕಾಟ್ಲೆಂಡ್ ಇನ್ನೂ ದೂರ ಇದೆ. ಅದನ್ನ ಬಿಚ್ಚಿ ಕೈಯಲ್ಲಿ ಹಿಡ್ಕೊಳ್ಳಿ. ಬೆವರು ಸುರೀತಿದೆ," ಎಂದಳು ನನ್ನ ಹೆಂಡತಿ ಪದ್ಮ. ಬೆವರು ರೈನ್‌ಕೋಟಿನದಲ್ಲ ಎಂದು ಅವಳಿಗೂ ಗೊತ್ತಿತ್ತು. ವಿಮಾನದ ಭಯ ಅಂದುಕೊಳ್ಳಬೇಡಿ. ವಿಮಾನ ನಿಲ್ದಾಣಕ್ಕೆ ಹೋಗುವ ಮೊದಲು ನಾವು ಎರಡು ಬೀದಿ ಹಿಂದಿನ ಒಂದು ಮನೆಯ ಮುಂದೆ ನಿಲ್ಲಬೇಕಿತ್ತು. ಆ ಮನೆಯಲ್ಲಿ ಪದ್ಮಳ ಅಣ್ಣನ ಗಾಲ್ಫ್ ಬ್ಯಾಗು ಇತ್ತು. ಅದನ್ನು ಅಲ್ಲಿಂದ ಎತ್ತಿಕೊಂಡು ಹೊರಡಬಹುದೋ ಬಾರದೋ ಎಂಬುದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎತ್ತಲಾಗದಿದ್ದರೆ ಅವರು ಹೊರಡುವುದಿಲ್ಲ. ಈ ಸಲ ಹೊರಡದಿದ್ದರೆ ಮುಂದೆ ಯಾವಾಗಲೂ ಹೊರಡುವುದಿಲ್ಲ ಎಂದು ನನ್ನ ಹೆದರಿಕೆ.

ನನ್ನ ಹೆದರಿಕೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಪುಕ್ಕಲು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಜಯನಗರ ನಾಲ್ಕನೇ ಬ್ಲಾಕಿನ ತರಕಾರಿ ಅಂಗಡಿಯಿಂದ ಆಟೋ ತಿರುಗಿಸಿಕೊಂಡು ಬಂದವನು. ಮೈಸೂರಿಗೆ ಹೊರಟರೆ ನಮ್ಮ ರೈಲಿಗಿಂತ ಮುಂಚಿನ ರೈಲು ಹೊರಡುವ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತೇನೆ. ನಮ್ಮ ತಂದೆಯೂ ಹೀಗೇ ಇದ್ದರು. ರಾಗಿ ಹೊಲದಲ್ಲಿ ಪೈರು ಚೆನ್ನಾಗಿ ಬಂದರೆ, ಇಷ್ಟು ಚೆನ್ನಾಗಿ ಬಂದಿದೆಯಲ್ಲ, ಏನು ಕಾದಿದೆಯೋ ಎಂದು ಕೊರಗುತ್ತಿದ್ದರು. ಅಂಥ ಮನೆತನದವನ ತಲೆಗೆ ಯಾರಾದರೂ ವಿದೇಶ ಪ್ರವಾಸದ ಏರ್ಪಾಟು ಕಟ್ಟುತ್ತಾರೆಯೇ? ಕಟ್ಟಿದವರು ಪದ್ಮಳ ಅಣ್ಣ, ನನ್ನ ಭಾವ ಮುನಿರಾಜು. ಅವರಿಗಿಂತ ನನಗೆ ಇಂಗ್ಲಿಷ್ ಸ್ವಲ್ಪ ಚೆನ್ನಾಗಿ ಬರುತ್ತದೆ ಎಂಬುದೊಂದೇ ಕಾರಣ.

ನಮ್ಮಂಥವರಿಗೆ ಗಾಲ್ಫ್ ಎಲ್ಲಿಂದ ಅಂಟಿಕೊಂಡಿತು ಎಂದು ನೀವು ಕೇಳಬಹುದು. ಹುಳಿಮಾವಿನಲ್ಲಿ ಭಾವನ ಜಮೀನೆಲ್ಲ ಸೈಟುಗಳಾಗಿ, ಬಾಡಿಗೆ ಮನೆಗಳಾಗಿ ಹೋದ ಮೇಲೆ ಕೆರೆಯ ಕಡೆಗೆ ಒಂದು ಪಟ್ಟೆ ಉಳಿದಿತ್ತು. ಕೆರೆಯ ಹತ್ತಿರ ಎಂದು ಅಲ್ಲಿ ಕಟ್ಟಡ ಕಟ್ಟುವಂತಿರಲಿಲ್ಲ. ಯಾರೋ ಬಂದು ಅದನ್ನು ಬಾಡಿಗೆಗೆ ಹಿಡಿದು, ಸುತ್ತ ಎತ್ತರಕ್ಕೆ ಬಲೆ ಕಟ್ಟಿ, ಗಾಲ್ಫ್ ಹೊಡೆಯುವುದನ್ನು ಅಭ್ಯಾಸ ಮಾಡುವ ಜಾಗ ಮಾಡಿದರು. ಆಫೀಸು ಬಿಟ್ಟ ಹುಡುಗ ಹುಡುಗಿಯರು ಸಂಜೆ ಬಂದು ಸಾಲಾಗಿ ನಿಂತು ಚೆಂಡು ಹೊಡೆಯುವರು. ಭಾವ ತಮ್ಮ ಜಮೀನಿನ ಯೋಗಕ್ಷೇಮ ನೋಡಲು ದಿನವೂ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವರು.

"ನಮ್ ಹೊಲದಲ್ಲಿ ಏನ್ ಬಿತ್ತುತಾವ್ರೆ ನೋಡಿ ಭಾವ, ಬರೀ ಬಿಳೀ ಗುಂಡು," ಎಂದು ನನಗೆ ಹೇಳುತ್ತಿದ್ದರು. ಅವರು ನನ್ನನ್ನು ಭಾವ ಎನ್ನುತ್ತಾರೆ, ನಾನು ಅವರನ್ನು ಭಾವ ಎನ್ನುತ್ತೇನೆ. ನಮ್ಮ ಕಡೆ ಲೆಕ್ಕ ಹೀಗೇ. "ಕತ್ತಲಾಗೋದ್ರೊಳಗೆ ಅವ್ರೇ ಕುಯ್ಲು ಮಾಡ್ಕೊಂಡು ಹೋಗ್ತಾರೆ."

ಒಂದು ದಿನ ಯಾರೋ ಒಬ್ಬ ಹುಡುಗಿ, "ಅಂಕಲ್, ಒಂದ್ ಸಲ ಟ್ರೈ ಮಾಡಿ," ಎಂದು ಕೋಲು ಕೈಗೆ ಕೊಟ್ಟಳಂತೆ. ಹಾರೆ, ಗುದ್ದಲಿ ಹಿಡಿದ ಕೈ ಅದು. ಚೆಂಡು ಬಲೆ ದಾಟಿ ಪಕ್ಕದ ಅಪಾರ್ಟ್‌ಮೆಂಟಿನ ಒಣಹಾಕಿದ ಬೆಡ್‌ಶೀಟಿಗೆ ಹೋಗಿ ಬಿತ್ತು. ಆ ಅಪಾರ್ಟ್‌ಮೆಂಟಿನವರು ಜಗಳಕ್ಕೆ ಬಂದರು. ಭಾವ ಜಗಳವನ್ನು ಕಿವಿಗೇ ಹಾಕಿಕೊಳ್ಳದೆ ಚೆಂಡು ಹೋದ ದಾರಿಯನ್ನೇ ನೋಡುತ್ತಾ ನಿಂತಿದ್ದರಂತೆ. ಅಂದಿನಿಂದ ಕುರ್ಚಿ ಖಾಲಿಯಾಯಿತು. ಜೊತೆಗೆ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದರು. ನನ್ನ ಆಟದ ಬಗ್ಗೆ ಹೇಳುವುದಕ್ಕೆ ಹೆಚ್ಚಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಎಂಬ ಗಾದೆಯನ್ನು ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಇನ್ನು ಚಿಕ್ಕಣ್ಣನ ವಿಷಯಕ್ಕೆ ಬರಬೇಕು. ಚಿಕ್ಕಣ್ಣ ಭಾವನ ಬಾಲ್ಯದ ಗೆಳೆಯರು. ಹುಳಿಮಾವಿನ ಗೋಮಾಳದಲ್ಲಿ ಇಬ್ಬರೂ ಒಟ್ಟಿಗೆ ದನ ಕುರಿ ಮೇಯಿಸಿದವರು, ಅಲ್ಲೇ ಚಿನ್ನಿದಾಂಡು ಆಡಿದವರು. ಚಿಕ್ಕಣ್ಣ ದಾಂಡು ಬೀಸಿದರೆ ಚಿನ್ನಿ ಕೆರೆ ಏರಿಯ ಮೇಲೆ ಬೀಳುತ್ತಿತ್ತು, ಅದನ್ನು ತರುವುದೇ ನನಗೆ ಕೆಲಸವಾಗಿತ್ತು ಎಂದು ಭಾವ ಈಗಲೂ ಹೊಟ್ಟೆಕಿಚ್ಚಿನಿಂದ ಹೇಳುತ್ತಾರೆ. ಗೌರಮ್ಮನನ್ನು ಮದುವೆಯಾಗಿ ಚಿಕ್ಕಣ್ಣ ಹೆಂಡತಿಯ ಊರಾದ ನಮ್ಮ ಪುಟ್ಟೇನಹಳ್ಳಿಗೆ ಮನೆಅಳಿಯನಾಗಿ ಬಂದರು. ನಾನು ಅವರನ್ನು ನೋಡುವಷ್ಟರಲ್ಲಿ ಗೋಮಾಳವೂ ಇರಲಿಲ್ಲ, ಚಿನ್ನಿದಾಂಡೂ ಇರಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆಯಿಂದ ಅವರ ಒಂದು ಕಾಲೂ ಹೋಯಿತು. ಕಿಟಕಿಯ ಪಕ್ಕದ ಮಂಚವೇ ಅವರ ಪ್ರಪಂಚವಾಯಿತು. ಭಾವ ವಾರಕ್ಕೆ ಎರಡು ಮೂರು ಸಂಜೆಯಾದರೂ ಅವರ ಮಂಚದ ಬಳಿ ಕೂರದೆ ಇರುತ್ತಿರಲಿಲ್ಲ.

ಅಂಥ ಒಂದು ಸಂಜೆ ಭಾವ ಮೊಬೈಲಿನಲ್ಲಿ ಏನೋ ನೋಡುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಕೂಗಿದರು. "ಲೋ ಚಿಕ್ಕ! ನೋಡ್ಲಾ ಇಲ್ಲಿ! ನಮ್ ಗೋಮಾಳ!"

ಸ್ಕಾಟ್ಲೆಂಡಿನ ಯಾವುದೋ ಕಡಲ ತೀರದ ಗಾಲ್ಫ್ ಮೈದಾನ. ಒಂದು ಕಡೆ ಬೂದುಬಣ್ಣದ ಸಮುದ್ರ, ಇನ್ನೊಂದು ಕಡೆ ಉಬ್ಬುತಗ್ಗಿನ ಹುಲ್ಲು, ಮಧ್ಯೆ ಹಿಂಡುಗಟ್ಟಲೆ ಕುರಿ. ಗುಳಿ ಇರುವ ನುಣುಪು ಜಾಗಕ್ಕೆ ಮಾತ್ರ ಕುರಿ ಹತ್ತದಂತೆ ಒಂದೆಳೆ ತಂತಿಬೇಲಿ. ಒಬ್ಬ ಮುದುಕ ತಂತಿ ದಾಟಿ ಹೋಗಿ ಚೆಂಡನ್ನು ಗುಳಿಗೆ ತಳ್ಳಿದ. ಒಂದು ಕುರಿ ಅವನನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು. ಚಿಕ್ಕಣ್ಣ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಬಹಳ ಹೊತ್ತು ನೋಡಿದರು. "ಬೀಳು ಬಿಟ್ಟಿರೋ ಜಾಗ ಕಣ್ಲಾ ಇದು. ಉಳುಮೆ ಮಾಡೋಕಾಗದ ಮರಳು ನೆಲ. ಮೇಯೋವು ಮೇಯ್ತವೆ, ಆಡೋರು ಆಡ್ತಾರೆ," ಎಂದರು. ಮತ್ತೆ, "ಹೋಗಿ ಆಡ್ಕೊಂಡು ಬಾ ಹೋಗ್ಲಾ. ಬಂದು ಹೇಳು," ಎಂದರು. ನಮ್ಮ ಪ್ರವಾಸ ಹುಟ್ಟಿದ್ದು ಅಲ್ಲಿ, ಆ ಮಾತಿನಲ್ಲಿ.

ಹೆಸರಾದ ದೊಡ್ಡ ಮೈದಾನಗಳು ಬೇಡ ಎಂದು ಇಬ್ಬರೂ ಮೊದಲ ದಿನವೇ ತೀರ್ಮಾನ ಮಾಡಿದರು. ಅಲ್ಲಿ ಅಂಗಿಯ ಕಾಲರ್ ನೋಡುತ್ತಾರೆ, ಎಷ್ಟು ಚೆನ್ನಾಗಿ ಆಡುತ್ತೀರಿ ಎಂಬುದಕ್ಕೆ ಪ್ರಮಾಣಪತ್ರ ಕೇಳುತ್ತಾರೆ, ಕುರಿಯಂತೂ ಇಲ್ಲವೇ ಇಲ್ಲ. ನಮಗೆ ಬೇಕಾಗಿದ್ದು ಯಾರೂ ಹೋಗದ, ಊರಿನವರೇ ಆಡಿಕೊಂಡಿರುವ ಚಿಕ್ಕ ಮೈದಾನಗಳು. ನಾನು ಸಂಜೆ ಲ್ಯಾಪ್‌ಟಾಪು ಹಿಡಿದುಕೊಂಡು ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡುವುದು, ಒಂದೊಂದೇ ಮೈದಾನ ತೋರಿಸುವುದು, ಚಿಕ್ಕಣ್ಣ ಹುಲ್ಲು ನೋಡಿ ಪಾಸು ಫೇಲು ಮಾಡುವುದು.

"ಇದು ಬ್ಯಾಡ. ಪಾರ್ಕಿನ ಹುಲ್ಲಿದ್ದಂಗೈತೆ. ಯಾವ್ ಕುರಿ ಬಾಯಾಕ್ತದೆ ಇದಕ್ಕೆ?"

"ಚಿಕ್ಕಣ್ಣ, ಇಲ್ಲಿ ಆಟ ಬಹಳ ಚೆನ್ನಾಗಿರುತ್ತಂತೆ," ಎಂದು ನಾನು.

"ಆಟ ಅವ್ನು ಎಲ್ಲಾದ್ರೂ ಆಡ್ತಾನೆ ಬಿಡಿ. ಮುಂದಿಂದು ತೋರ್ಸಿ."

ಹೀಗೆ ಆಯ್ಕೆಯಾದವು ನಮ್ಮ ಮೈದಾನಗಳು. ಪಶ್ಚಿಮ ತೀರದ ಕಿಂಟೈರ್‌ನಲ್ಲಿ ಒಂದು, ದೋಣಿ ಹತ್ತಿ ಹೋಗಬೇಕಾದ ದ್ವೀಪವೊಂದರಲ್ಲಿ ಒಂದು, ಉತ್ತರದ ತುದಿಯ ಸದರ್ಲೆಂಡ್ ಕಡೆ ಒಂದೆರಡು. ಮೇವನ್ನು ನೋಡಿ ಗಾಲ್ಫ್ ಪ್ರವಾಸ ಗೊತ್ತು ಮಾಡಿದವರು ಜಗತ್ತಿನಲ್ಲಿ ನಾವೇ ಇರಬೇಕು. ಗೌರಮ್ಮ ಕಾಫಿ ತಂದಿಟ್ಟು, "ಇರೋ ಕುರೀನೆಲ್ಲ ಮಾರಿ, ಈಗ ಕುರಿ ನೋಡೋಕೆ ಬಿಮಾನದಲ್ಲಿ ಹೋಯ್ತಾರಂತೆ," ಎಂದು ನಗುವರು. ಒಂದು ಕ್ಲಬ್ಬಿಗೆ ನಾನು ಈಮೇಲ್ ಬರೆದು, ನಿಮ್ಮ ಮೈದಾನದಲ್ಲಿ ನಾವು ಬರುವ ತಿಂಗಳಲ್ಲಿ ಕುರಿಗಳು ಮೇಯುತ್ತಿರುತ್ತವೆಯೇ ಎಂದು ಕೇಳಿದೆ. ಅಲ್ಲಿನ ಕಾರ್ಯದರ್ಶಿ ಒಬ್ಬ ಹೆಂಗಸು. ಕುರಿ ಇದೆ ಎಂದು ದೂರುವವರನ್ನು ನೋಡಿದ್ದೇನೆ, ಇರಲಿ ಎಂದು ಕೇಳಿದವರು ನೀವೇ ಮೊದಲು ಎಂದು ಉತ್ತರ ಬರೆದಿದ್ದರು. ಅದನ್ನು ಕನ್ನಡದಲ್ಲಿ ಹೇಳಿದಾಗ ಚಿಕ್ಕಣ್ಣ ಕೆಮ್ಮು ಬರುವಷ್ಟು ನಕ್ಕರು.

ನಗುವವರು ನಗುತ್ತಿದ್ದರು, ನನಗೆ ನಿದ್ದೆ ಇರಲಿಲ್ಲ. ಭಾವನ ಎದೆಗೆ ಈ ಮೊದಲೇ ಸ್ಟೆಂಟ್ ಹಾಕಿಯಾಗಿತ್ತು. ಪ್ರವಾಸದ ಬಗ್ಗೆ ಕೇಳಿದಾಗ ಹೃದಯದ ಡಾಕ್ಟರು, "ಈ ವರ್ಷ ಧಾರಾಳವಾಗಿ ಹೋಗಿ ಬನ್ನಿ. ಮುಂದಿನ ವರ್ಷದ ಮಾತು ಮುಂದಿನ ವರ್ಷ ಆಡೋಣ," ಎಂದಿದ್ದರು. ಅಡ್ಡಗೋಡೆ ಮೇಲೆ ದೀಪ ಇಡುವುದು ಎಂದರೆ ಇದೇ. ಭಾವನಿಗೆ ಮೊದಲ ವಾಕ್ಯ ಕೇಳಿಸಿತು, ನನಗೆ ಎರಡನೆಯದು. ಅಲ್ಲಿಯ ಬೇಸಿಗೆ ಮುಗಿದರೆ ಗಾಳಿ ಮಳೆ ಚಳಿ, ಆಮೇಲೆ ಆ ಕಡೆ ತಲೆ ಹಾಕುವಂತಿಲ್ಲ. ಅಂದರೆ ಈ ಬೇಸಿಗೆಯೇ ಗತಿ. ಜೋರು ಗಾಳಿ ಬೀಸಿದರೆ ದೋಣಿ ಬಿಡುವುದಿಲ್ಲವಂತೆ. ರಸ್ತೆಗಳು ಒಂದೇ ಕಾರಿನಷ್ಟು ಅಗಲವಂತೆ. ಮೈದಾನದಲ್ಲಿ ಕೆಲವೊಮ್ಮೆ ನರಪಿಳ್ಳೆಯೂ ಇರುವುದಿಲ್ಲವಂತೆ. ಭಾವ ಎದೆ ಹಿಡಿದುಕೊಂಡು ಕೂತರೆ ನಾನು ಯಾರನ್ನು ಕೂಗಲಿ, ಕುರಿಗಳನ್ನೇ? ಪ್ರತಿ ಮೈದಾನಕ್ಕೂ ಹತ್ತಿರದ ಆಸ್ಪತ್ರೆ ಯಾವುದು ಎಂದು ಹುಡುಕಿಟ್ಟುಕೊಂಡೆ. ಭಾವನಿಗೆ ಅದು ಗೊತ್ತಾಯಿತು.

"ಭಾವ, ನೀವು ಪ್ಲಾನ್ ಮಾಡ್ತಿರೋದು ಗಾಲ್ಫ್ ಟೂರೋ, ಆಸ್ಪತ್ರೆ ಟೂರೋ?" ಎಂದು ಗೇಲಿ ಮಾಡಿದರು.

ಪದ್ಮ ಗೇಲಿ ಮಾಡಲಿಲ್ಲ. "ನಮ್ಮಣ್ಣನ್ನ ಕರ್ಕೊಂಡು ಹೋಗ್ತಿರೋರು ನೀವು. ವಾಪಸ್ ಕರ್ಕೊಂಡು ಬರ್ಬೇಕಾದೋರೂ ನೀವೇ," ಎಂದಳು. ಅವರಿಬ್ಬರಿಗೂ ತಂದೆ ತಾಯಿ ಬೇಗ ಹೋಗಿದ್ದರು. ಅವಳಿಗೆ ಅಣ್ಣನೇ ತವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ವೀಸಾ ಸಿಕ್ಕಿತು, ಡಾಕ್ಟರು ಒಪ್ಪಿದರು, ಅವಳ ಪಂಚಾಂಗ ಒಪ್ಪಲಿಲ್ಲ. ಟಿಕೆಟು ಸಿಕ್ಕಿದ ದಿನ ಮಂಗಳವಾರ, ಮೇಲೆ ಅಮಾವಾಸ್ಯೆ. ಅದರ ಆಚೆ ಈಚೆ ಟಿಕೆಟಿಲ್ಲ. ಕೊನೆಗೆ ಅವಳೇ ದಾರಿ ಕಂಡುಹಿಡಿದಳು. ಪರಸ್ಥಾನ ಇಡುವುದು.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೂ ಮೊದಲಿನ ಒಂದು ಒಳ್ಳೆಯ ದಿನ, ಒಳ್ಳೆಯ ಹೊತ್ತಿನಲ್ಲಿ, ನಾವು ಹೋಗಬೇಕಾದ ದಿಕ್ಕಿಗಿರುವ ಬೇರೆಯವರ ಮನೆಯಲ್ಲಿ ನಮ್ಮದೊಂದು ವಸ್ತುವನ್ನು ಇಟ್ಟು ಬರುತ್ತೇವೆ. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಹೊರಡುವ ದಿನ ಆ ಮನೆಗೆ ಹೋಗಿ ವಸ್ತು ಎತ್ತಿಕೊಂಡು ಹಾಗೇ ಮುಂದೆ ಹೋಗಬೇಕು. ಅದನ್ನು ತಿರುಗಿ ಮನೆಗೆ ತರುವಂತಿಲ್ಲ, ತಂದರೆ ಪ್ರಯಾಣವೇ ಮುರಿದಂತೆ. ಸಾಮಾನ್ಯವಾಗಿ ಇಡುವುದು ಒಂದು ಹಿಡಿ ಅಕ್ಕಿ, ಎಲೆಅಡಿಕೆ, ಅರಿಶಿನದ ಕೊಂಬು, ಒಂದು ಬಟ್ಟೆಯಲ್ಲಿ ಕಟ್ಟಿದ ಗಂಟು. ನನ್ನ ಗಂಟನ್ನು ಎದುರುಮನೆಯಲ್ಲಿ ಇಟ್ಟಾಯಿತು. ಭಾವ ಮಾತ್ರ, "ಗಾಲ್ಫಿಗೆ ಹೋಗೋನು ಅಕ್ಕಿ ಗಂಟು ಯಾಕೆ ಇಡ್ಲಿ? ಬ್ಯಾಗೇ ಇಡ್ತೀನಿ," ಎಂದು ಹಟ ಹಿಡಿದರು. ಹುಳಿಮಾವಿನಿಂದ ವಾಯವ್ಯಕ್ಕೆ ಯಾರ ಮನೆ ಎಂದು ನಾನು ಮೊಬೈಲಿನ ದಿಕ್ಸೂಚಿ ಹಿಡಿದು ನೋಡಿದೆ. ನಮ್ಮ ಮನೆಯೂ ಆ ದಿಕ್ಕೇ. ಹೊರಡುವವರ ಮನೆಯಲ್ಲೇ ಪರಸ್ಥಾನ ಇಡುವುದುಂಟೇ ಎಂದು ಪದ್ಮ ಅದನ್ನು ತಳ್ಳಿಹಾಕಿದಳು. ಉಳಿದದ್ದು ಚಿಕ್ಕಣ್ಣನ ಮನೆ. ನೋಡಿದರೆ, ಭಾವ ಅಂದುಕೊಂಡಿದ್ದೂ ಅದನ್ನೇ.

ಗುರುವಾರ ಬೆಳಿಗ್ಗೆ ಬ್ಯಾಗನ್ನು ಹೊತ್ತುಕೊಂಡು ಹೋಗಿ ಚಿಕ್ಕಣ್ಣನ ಮಂಚದ ತಲೆದೆಸೆಯಲ್ಲಿ ನಿಲ್ಲಿಸಿದೆವು. ಗೌರಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟರು. ನಮ್ಮ ಮನೆಯ ಶುಭಕಾರ್ಯಗಳಿಗೆಲ್ಲ ಅವರೇ ಮುಂದು. ನನ್ನ ಮಗಳ ಮದುವೆಯಲ್ಲಿ ಮೊದಲ ಅರಿಶಿನ ಹಚ್ಚಿದ್ದೂ ಅವರ ಕೈಯೇ. ಚಿಕ್ಕಣ್ಣ ಬ್ಯಾಗಿನಿಂದ ಒಂದು ಕೋಲನ್ನು ತೆಗೆಸಿಕೊಂಡು, ಮಲಗಿದ್ದಲ್ಲೇ ಹಿಡಿದು ತೂಗಿ ನೋಡಿದರು. "ಭಾರ ಕೆಳಗಡೆಗೈತೆ. ದಾಂಡಿನಂಗಲ್ಲ," ಎಂದರು. ಆಮೇಲೆ, "ಇದೊಂದು ಇಲ್ಲೇ ಇರ್ಲಿ, ನೀನು ಹೊರಡೋಗಂಟ," ಎಂದು ಮಗ್ಗುಲಲ್ಲಿ ಇಟ್ಟುಕೊಂಡರು.

ಭಾನುವಾರ ಬೆಳಿಗ್ಗೆ ಗೌರಮ್ಮ ಕಾಫಿ ತಂದು ಎಬ್ಬಿಸಿದರೆ ಚಿಕ್ಕಣ್ಣ ಏಳಲಿಲ್ಲ.

ಸುದ್ದಿ ಕೇಳಿ ನಾವು ಓಡಿದಾಗ ಬಾಗಿಲಲ್ಲಿ ಜನ ಸೇರಿದ್ದರು. ಗಾಲ್ಫ್ ಕೋಲು ಇನ್ನೂ ಅವರ ಪಕ್ಕದಲ್ಲೇ ಇತ್ತು. ಭಾವ ಅದನ್ನು ತೆಗೆದು, ಪಂಚೆಯ ತುದಿಯಿಂದ ಒರೆಸಿ, ಬ್ಯಾಗಿಗೆ ಸೇರಿಸಿ, ಗೋಡೆಗೆ ಒರಗಿ ಕೂತರು. ಅವರು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಣ್ಣು ಹಾಕಿ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಟಿಕೆಟ್ ಕ್ಯಾನ್ಸಲ್ ಮಾಡಿ ಭಾವ. ಚಿಕ್ಕನ ತಿಥಿ ಮುಗೀದೆ ನಾನೆಲ್ಲೂ ಬರಲ್ಲ," ಎಂದರು. ಅದು ಸರಿಯಾದ ಮಾತೇ. ನಾನು ಕ್ಲಬ್ಬುಗಳಿಗೆಲ್ಲ ಬರೆದೆ. ಮೈದಾನವನ್ನು ಆರಿಸಿಕೊಟ್ಟ ಗೆಳೆಯರು ತೀರಿಕೊಂಡರು, ಕರ್ಮ ಮುಗಿಸಿ ಬರುತ್ತೇವೆ ಎಂದೆ. ಆ ಕಾರ್ಯದರ್ಶಿ ಹೆಂಗಸು ಮಾರನೆಯ ದಿನವೇ ಉತ್ತರ ಬರೆದರು. ನಮ್ಮಲ್ಲೂ ಸದಸ್ಯರು ಯಾರಾದರೂ ಹೋದರೆ ಬಾವುಟ ಅರ್ಧಕ್ಕೆ ಇಳಿಸುತ್ತೇವೆ, ನಿಮ್ಮ ಕೆಲಸ ಮುಗಿಸಿ ಬನ್ನಿ, ಕುರಿಗಳು ಎಲ್ಲೂ ಹೋಗುವುದಿಲ್ಲ ಎಂದಿದ್ದರು. ಯಾವುದೋ ಸಮುದ್ರದ ಅಂಚಿನ ಹೆಂಗಸಿಗೆ ನಮ್ಮ ಕಷ್ಟ ಅರ್ಥವಾಗಿತ್ತು.

ಸಿಕ್ಕಿಹಾಕಿಕೊಂಡದ್ದು ಬ್ಯಾಗು. ಸಾವಿನ ಮನೆಯಿಂದ ಅದನ್ನು ಎತ್ತಿಕೊಂಡು ಶುಭಪ್ರಯಾಣ ಹೊರಡುವುದು ಹೇಗೆ? ತಿರುಗಿ ಮನೆಗೆ ತಂದರೆ ಪ್ರಯಾಣ ಮುರಿದಂತೆ. ಅಕ್ಕಿ ಗಂಟಾಗಿದ್ದರೆ ಯಾವುದಾದರೂ ಗಿಡದ ಬುಡಕ್ಕೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಪದ್ಮ ವಸಂತಪುರದ ಜೋಯಿಸರಿಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ಅವರು, "ಸೂತಕದಲ್ಲಿ ಪರಸ್ಥಾನದ ಬಲ ಹೋಗುತ್ತೆ ತಾಯಿ. ಮನೆ ಶುದ್ಧ ಆದ್ಮೇಲೆ ಬಂದ್ರೂ ಬರುತ್ತೆ. ಅದೇನು ಬ್ಯಾಗು ಅಂದ್ರಿ?" ಎಂದರು. ಇನ್ನೊಂದು ದೀಪ, ಅದೇ ಅಡ್ಡಗೋಡೆಯ ಮೇಲೆ.

ಅಲ್ಲೇ ಬಾಡಿಗೆಗೆ ಕೋಲುಗಳು ಸಿಗುತ್ತವೆ, ಬ್ಯಾಗು ಬಿಟ್ಟು ಹೋಗೋಣ ಎಂದು ನಾನು ಭಾವನಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಬ್ಯಾಗ್ ಹೊರಟಾಗಿದೆ ಭಾವ. ಅದನ್ನ ಬಿಟ್ಟು ಹೋದ್ರೆ ಚಿಕ್ಕನ್ನ ಬಿಟ್ಟು ಹೋದಂಗೆ." ಆ ದಿನಗಳಲ್ಲಿ ಅವರು ಚೆಂಡು ಹೊಡೆಯಲು ಹೋಗಲಿಲ್ಲ, ಸ್ಕಾಟ್ಲೆಂಡಿನ ಹೆಸರು ಎತ್ತಲಿಲ್ಲ. ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುವುದನ್ನು ನೋಡಿದೆ. ಅಲ್ಲಿಯ ಬೇಸಿಗೆ ಮುಗಿಯುತ್ತಾ ಬಂತು, ಭಾವನ ಎದೆಗೂ ಡಾಕ್ಟರು ಕೊಟ್ಟಿರುವುದು ಈ ವರ್ಷದ ಗಡುವು ಮಾತ್ರ, ಈ ಮನುಷ್ಯ ಇನ್ನು ಕುರ್ಚಿಯಲ್ಲೇ ಕೂತುಬಿಡುತ್ತಾರೆ ಎಂದು ನಾನು ಕಂಗಾಲಾದೆ. ಪದ್ಮ ಒಪ್ಪುವ ಒಳ್ಳೆಯ ದಿನವನ್ನೇ ನೋಡಿ ಹೊಸ ಟಿಕೆಟು ಮಾಡಿಸಿಬಿಟ್ಟೆ. ಬ್ಯಾಗಿನ ಕತೆ ಆಮೇಲೆ ನೋಡೋಣ ಎಂದೆ.

"ಬ್ಯಾಗಿಂದಲ್ಲ ರೀ," ಎಂದಳು ಪದ್ಮ. "ತಿಥಿ ಆದ್ಮೇಲೆ ಸೂತಕ ಹೋಗುತ್ತೆ, ಅದು ನಂಗೂ ಗೊತ್ತು. ಆ ಬಾಗ್ಲಿಂದ ಹೊರಡೋವಾಗ ನಮ್ಮಣ್ಣನ ಎದುರಿಗೆ ಬರೋರು ಯಾರು ಅಂತ ಯೋಚ್ನೆ ಮಾಡಿದ್ದೀರಾ?"

ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹೊರಟವರಿಗೆ ಗಂಡ ಸತ್ತವಳು ಎದುರಾಗಬಾರದು ಎಂಬುದನ್ನು ನಾವೆಲ್ಲ ಹಾಲು ಕುಡಿಯುವಾಗಲೇ ಕಲಿತವರು. ನನಗೆ ಸಿಟ್ಟು ಬಂತು. ಮಗಳಿಗೆ ಅರಿಶಿನ ಹಚ್ಚಿದ ಕೈ ಚಿಕ್ಕಣ್ಣ ಹೋದ ಮಾತ್ರಕ್ಕೆ ಕೆಟ್ಟಿತೇ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ, ಯಾಕೆಂದರೆ ಆ ಭಯ ನನ್ನೊಳಗೂ ಇತ್ತು. ಭಾವನಿಗೆ ಏನಾದರೂ ಆದರೆ ಎಲ್ಲರೂ ಆ ಒಂದು ಗಳಿಗೆಯನ್ನೇ ಹಿಡಿದು ಮಾತಾಡುತ್ತಾರೆ, ಗೌರಮ್ಮನ ತಲೆಗೇ ಕಟ್ಟುತ್ತಾರೆ ಎಂಬುದೂ ಹೊಳೆದು ಇನ್ನಷ್ಟು ಭಯವಾಯಿತು.

ತಿಥಿಯ ದಿನ ಗೌರಮ್ಮ ಹಿಂದಿನ ಕೋಣೆಯಲ್ಲಿ ಕೂತಿದ್ದರು. ಬಳೆ ತೆಗೆದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಪದ್ಮಳನ್ನು ಹತ್ತಿರ ಕರೆದು ಕೇಳಿದ್ದು ಒಂದೇ ಮಾತು: "ಅಣ್ಣ ಎಷ್ಟೊತ್ತಿಗೆ ಬ್ಯಾಗ್ ತಗೊಳ್ಳೋಕೆ ಬರ್ತದೆ, ಸರಿಯಾಗಿ ಹೇಳಮ್ಮ." ಪದ್ಮ ಹೊತ್ತು ಹೇಳಿದಳು. ಆ ಹೊತ್ತಿಗೆ ಯಾರ ಕಣ್ಣಿಗೂ ಬೀಳದೆ ಇರುವುದಕ್ಕಾಗಿ ಅವರು ಕೇಳಿದ್ದು ಎಂದು ಮನೆಗೆ ಬಂದ ಮೇಲೆ ಅವಳಿಗೆ ತಿಳಿಯಿತು. ಆ ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಇಷ್ಟೆಲ್ಲ ನೆನೆಸಿಕೊಂಡು ಕೂತಿರುವಾಗಲೇ ಇವತ್ತು ಟ್ಯಾಕ್ಸಿ ಬಂತು. ಹುಳಿಮಾವಿನಿಂದ ಅದರಲ್ಲೇ ಬಂದ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು. ನಾನು ಎದುರುಮನೆಯಿಂದ ನನ್ನ ಗಂಟು ತೆಗೆದುಕೊಂಡೆ. ವಿಮಾನ ನಿಲ್ದಾಣದವರೆಗೆ ಬರುತ್ತೇನೆಂದು ಪದ್ಮಳೂ ಹತ್ತಿದಳು.

ಚಿಕ್ಕಣ್ಣನ ಮನೆಯ ಬಾಗಿಲು ತೆರೆದಿತ್ತು. ಬ್ಯಾಗನ್ನು ಒರೆಸಿ ಜಗಲಿಯ ಮೇಲೆ ತಂದು ನಿಲ್ಲಿಸಿತ್ತು. ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಗೆ ಬರುವುದೂ ಬೇಡ, ಯಾರ ಮುಖ ನೋಡುವುದೂ ಬೇಡ, ಎತ್ತಿಕೊಂಡು ಹೋಗಿ ಎಂಬಂತೆ. ಅಷ್ಟು ಭಾರದ್ದನ್ನು ಆಕೆ ಒಬ್ಬರೇ ಎಳೆದು ತಂದಿದ್ದರು. ನಮಗೆ ಬೇಕಾಗಿದ್ದ ಅನುಕೂಲ ಅದೇ ತಾನೇ? ಆದರೂ ಅದನ್ನು ನೋಡಿ ನನಗೆ ನಾಚಿಕೆಯಾಯಿತು.

ಭಾವ ಇಳಿದು ಹೋಗಿ ಬ್ಯಾಗನ್ನು ಮುಟ್ಟದೆ ಜಗಲಿಯ ಮೇಲೆ ಕೂತರು. "ಗೌರಮ್ಮ, ಕೊಡೋರಿಲ್ದೆ ನಾನೆಂಗೆ ತಗೊಳ್ಳಲಿ? ಬಾ ಈಚೆಗೆ."

ಒಳಗಿನಿಂದ ದನಿ ಮಾತ್ರ ಬಂತು. "ತಗೊಂಡೋಗಣ್ಣ. ನೀನು ಬಂದ್ಮೇಲೆ ಮಾತಾಡ್ಸ್ತೀನಿ. ಈಗ ಬ್ಯಾಡ."

"ನೀನು ಬರೋಗಂಟ ನಾನು ಏಳಾಕಿಲ್ಲ."

"ಹಟ ಮಾಡಬ್ಯಾಡ ಕಣಣ್ಣ. ನನ್ನ ಮ್ಯಾಲೆ ಅಪವಾದ ಬತ್ತದೆ."

ಭಾವ ಏಳಲಿಲ್ಲ, ಆಕೆ ಬರಲಿಲ್ಲ. ಡ್ರೈವರು ಗಡಿಯಾರ ನೋಡಿಕೊಂಡ. ನಾನು ಕಾರಿನ ಬಾಗಿಲು ಹಿಡಿದು ನಿಂತಿದ್ದೆ. ಪದ್ಮಳ ಕಡೆ ನೋಡಲು ಧೈರ್ಯವಾಗಲಿಲ್ಲ. ಅವಳು ಏನು ಹೇಳಿದರೂ ಒಬ್ಬರಿಗೆ ನೋವು. ಅಷ್ಟರಲ್ಲಿ ಅವಳು ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಣ್ಣನನ್ನು ದಾಟಿ ಒಳಗೆ ಹೋದಳು. ಒಳಗೆ ಏನು ಮಾತಾಯಿತೋ ನಮಗೆ ಕೇಳಿಸಲಿಲ್ಲ. ಗೌರಮ್ಮ ಜೋರಾಗಿ ಅತ್ತದ್ದು ಕೇಳಿಸಿತು. ಆಮೇಲೆ ಪದ್ಮ ಅವರ ಬರಿಗೈ ಹಿಡಿದು ಹೊಸ್ತಿಲು ದಾಟಿಸಿಕೊಂಡು ಬಂದಳು.

"ಗೌರಕ್ಕ, ನೀವೇ ಎತ್ತಿ ಕೊಡಿ," ಎಂದಳು ಪದ್ಮ. "ನೀವು ಎದುರಿಗೆ ನಿಂತು ಕಳ್ಸಿ. ಅಲ್ಲಿ ಏನೇನು ನೋಡಿದ ಅಂತ ನಿಮ್ಗೆ ಬಂದು ಹೇಳೋಕಾದ್ರೂ ನಮ್ಮಣ್ಣ ವಾಪಸ್ ಬರ್ತಾನೆ."

ಗೌರಮ್ಮ ಬ್ಯಾಗಿನ ಪಟ್ಟಿ ಹಿಡಿದು ಎತ್ತಿದರು. ಭಾವ ಎದ್ದು ಎರಡೂ ಕೈಯಲ್ಲಿ ತೆಗೆದುಕೊಂಡರು. "ಅವ್ರು ಆರಿಸಿದ್ದ ಮೇವು ಚೆಂದಾಗೈತಾ ನೋಡ್ಕೊಂಡು ಬಾ," ಎಂದರು ಗೌರಮ್ಮ. ಭಾವ ತಲೆ ಆಡಿಸಿದರು.

ಬ್ಯಾಗು ಡಿಕ್ಕಿಗೆ ಹೋಯಿತು. ಪದ್ಮ ಮತ್ತೆ ಕಾರು ಹತ್ತಲಿಲ್ಲ. "ನಾನು ಇಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ," ಎಂದಳು. ನನ್ನ ಭಯ ಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ದೋಣಿ, ಗಾಳಿ, ಭಾವನ ಎದೆ ಎಲ್ಲ ಇದ್ದ ಹಾಗೇ ಇವೆ. ಆದರೆ ಏನಾದರೂ ಆದರೆ ಯಾರ ತಲೆಗೆ ಬರುತ್ತದೋ ಎಂಬ ಭಯ ಆ ಜಗಲಿಯ ಮುಂದೆ ಇಳಿದುಹೋಗಿತ್ತು. ಬೀದಿ ಕಿರಿದು. ಇಬ್ಬರು ಹೆಂಗಸರೂ ಕೈ ಹಿಡಿದುಕೊಂಡು ಕಾರಿನ ಮುಂದೆಯೇ ಬಂದು ನಿಂತಿದ್ದರು.

"ಸಾರ್, ಅಮ್ಮೋರ್ನ ಸ್ವಲ್ಪ ಸೈಡಿಗೆ ಬರೋಕೆ ಹೇಳಿ, ಹೊರಡೋಣ," ಎಂದ ಡ್ರೈವರ್, ಹಾರ್ನಿನ ಮೇಲೆ ಕೈಯಿಟ್ಟು.

"ಹಾರ್ನ್ ಮಾಡ್ಬೇಡ ಇರಪ್ಪ," ಎಂದರು ಭಾವ. "ಎದುರಿಗೇ ನಿಂತಿರ್ಲಿ, ಕಣ್ತುಂಬ ನೋಡ್ಕೊಂಡು ಹೋಗ್ತೀನಿ."